ರಾತ್ರಿ ಒಂಬತ್ತೂವರೆಯಿಂದ ಬೆಳಗಿನವರೆಗೆ: ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಮೊದಲ ಸುತ್ತಿನಲ್ಲಿ ಯಾವ ಪಂದ್ಯ ನೋಡಬೇಕು?

ಮಾರ್ಚ್ ಮೂರನೇ ವಾರ ಬಂತೆಂದರೆ ನಮ್ಮ ಮನೆಯಲ್ಲಿ ರಾತ್ರಿಗೂ ಬೆಳಗಿಗೂ ವ್ಯತ್ಯಾಸ ಇರುವುದಿಲ್ಲ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ನಡೆಸುವ ಮಹಿಳಾ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಮೊದಲ ಸುತ್ತು ಶುಕ್ರವಾರ ಮತ್ತು ಶನಿವಾರ, ಎರಡೇ ದಿನದಲ್ಲಿ ಮುಗಿಯುತ್ತದೆ. ಎರಡು ದಿನ, 32 ಪಂದ್ಯ. ನ್ಯೂಯಾರ್ಕ್ ಕಡೆ ಮಧ್ಯಾಹ್ನ ಹನ್ನೆರಡಾದರೆ ನಮಗೆ ರಾತ್ರಿ ಒಂಬತ್ತೂವರೆ. ಅಲ್ಲಿ ರಾತ್ರಿ ಹತ್ತಕ್ಕೆ ಒಂದು ಪಂದ್ಯ ಶುರುವಾಯಿತು ಅಂದ್ರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ಹಾಲು ಬಂದಿರುತ್ತದೆ, ಪೇಪರ್ ಬಿದ್ದಿರುತ್ತದೆ, ಪಂದ್ಯ ಇನ್ನೂ ಮೊದಲ ಕ್ವಾರ್ಟರ್‌ನಲ್ಲಿರುತ್ತದೆ.

ಎಲ್ಲವನ್ನೂ ನೋಡಲು ಯಾರಿಂದಲೂ ಆಗುವುದಿಲ್ಲ. ಒಂದೇ ಹೊತ್ತಿಗೆ ಮೂರು ನಾಲ್ಕು ಪಂದ್ಯ ನಡೆಯುತ್ತಿರುತ್ತವೆ. ಅಮೆರಿಕದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು, ಭಾನುವಾರ ತಂಡಗಳ ಪಟ್ಟಿ ಹೊರಬಿದ್ದ ಕೂಡಲೇ ಅದರ ಫೋಟೋ ಕಳಿಸುತ್ತಾಳೆ. "ಚಿಕ್ಕಮ್ಮಾ, ಇದ್ರಲ್ಲಿ ಯಾವ್ದು ನೋಡ್ಲಿ?" ಅವಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ನೋಡುವವರಿಗೂ ಉಪಯೋಗವಾಗಲಿ, ಪ್ರತಿ ವರ್ಷ ನೋಡುವವರು ತಮ್ಮ ಲೆಕ್ಕದ ಜೊತೆ ತಾಳೆ ಹಾಕಿ ನೋಡಲಿ.

ಮೊದಲು ಅಂಗಳ ಯಾರದ್ದು ನೋಡಿ

ಒಟ್ಟು ತಂಡಗಳು 68. ಬುಧವಾರ, ಗುರುವಾರ ನಾಲ್ಕು ಪಂದ್ಯ ನಡೆದು 64 ಉಳಿಯುತ್ತವೆ. ಇವನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲಿ 1ರಿಂದ 16ರವರೆಗೆ ಸೀಡ್, ಅಂದರೆ ಬಲಾಬಲದ ಕ್ರಮಸಂಖ್ಯೆ, ಕೊಟ್ಟಿರುತ್ತಾರೆ. 1 ಅಂದರೆ ಎಲ್ಲರಿಗಿಂತ ಬಲಶಾಲಿ. 1ಕ್ಕೆ 16 ಎದುರಾಳಿ, 2ಕ್ಕೆ 15, ಹೀಗೇ ಬಂದು ಕೊನೆಗೆ 8ಕ್ಕೆ 9. ಇಷ್ಟು ಪುರುಷರ ಟೂರ್ನಿಯಲ್ಲೂ ಉಂಟು.

ಬೇರೆಯಾಗುವುದು ಇಲ್ಲಿ. ಪುರುಷರ ಪಂದ್ಯಗಳನ್ನು ಮೊದಲೇ ಗೊತ್ತು ಮಾಡಿದ ಬೇರೆ ಊರುಗಳಲ್ಲಿ ಆಡಿಸುತ್ತಾರೆ. ಮಹಿಳೆಯರಲ್ಲಿ ಪ್ರತಿ ಭಾಗದ ಮೊದಲ ನಾಲ್ಕು ಸೀಡ್‌ಗಳು, ಅಂದರೆ ಒಟ್ಟು 16 ತಂಡಗಳು, ಮೊದಲ ಎರಡು ಸುತ್ತನ್ನು ತಮ್ಮ ಕಾಲೇಜಿನ ಅಂಗಳದಲ್ಲೇ ಆಡುತ್ತವೆ. 2015ರಿಂದ ಈ ಪದ್ಧತಿ ಇದೆ. ಒಂದೊಂದು ಅಂಗಳಕ್ಕೆ ನಾಲ್ಕು ತಂಡ ಬರುತ್ತವೆ. 1ನೇ ಸೀಡ್‌ನ ಊರಿನಲ್ಲಿ 1–16 ಮತ್ತು 8–9. 2ರ ಊರಿನಲ್ಲಿ 2–15 ಮತ್ತು 7–10. 3ರ ಊರಿನಲ್ಲಿ 3–14 ಮತ್ತು 6–11. 4ರ ಊರಿನಲ್ಲಿ 4–13 ಮತ್ತು 5–12.

ಈಗ ಲೆಕ್ಕ ಹಾಕಿ. 32 ಪಂದ್ಯದಲ್ಲಿ 16 ಪಂದ್ಯ ಬಲಶಾಲಿ ತಂಡದ ಮನೆಯಂಗಳದಲ್ಲಿ. ಉಳಿದ 16 ಯಾರ ಮನೆಯಲ್ಲೂ ಅಲ್ಲ. ನಾನು ಮೊದಲು ಮಾಡುವ ಕೆಲಸ ಇಷ್ಟೇ: ಪಟ್ಟಿ ಬಂದ ಕೂಡಲೇ ಪೆನ್ಸಿಲ್ ತೆಗೆದುಕೊಂಡು 5–12, 6–11, 7–10, 8–9 ಪಂದ್ಯಗಳಿಗೆ ಗುರುತು ಹಾಕುತ್ತೇನೆ. ನಿದ್ದೆ ಬಿಡುವುದಿದ್ದರೆ ಇವುಗಳಿಗೆ ಬಿಡಬೇಕು.

ಮನೆಯಂಗಳ ಅಂದ್ರೆ ಎಷ್ಟು ಬಲ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ಇಲ್ಲೇ ಕಂಠೀರವದಲ್ಲಿ ನಡೆಯಿತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ಡಿವಿಷನ್‌ಗೆ ಏರಿತು. ಎರಡೇ ಪಾಯಿಂಟ್. ತುಂಬಿದ ಒಳಾಂಗಣದಲ್ಲಿ ಎದುರಾಳಿ ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬರದ ಹೊಡೆತ) ಹಾಕಲು ನಿಂತಾಗ ಕಿವಿ ಹೇಗಾಗಿರುತ್ತದೆ ಯೋಚಿಸಿ. ಇನ್ನು ಸೌತ್ ಕ್ಯಾರೊಲಿನಾ, ಅಯೋವಾ, ಕನೆಕ್ಟಿಕಟ್ ಕಾಲೇಜುಗಳ ಅಂಗಳದಲ್ಲಿ ಇಡೀ ಸೀಸನ್ ಅದೇ ಸದ್ದು. ಬಸ್ಸಿನಲ್ಲಿ ಕೂತು ಬಂದ ಸಣ್ಣ ಕಾಲೇಜಿನ ಹುಡುಗಿಯರಿಗೆ ಆ ರಿಂಗ್ ಕೂಡ ಹೊಸತು.

ಫಲಿತಾಂಶಗಳೂ ಅದನ್ನೇ ಹೇಳುತ್ತವೆ. 64 ತಂಡಗಳ ಟೂರ್ನಿ 1994ರಲ್ಲಿ ಶುರುವಾಯಿತು. ಅಲ್ಲಿಂದ 2025ರವರೆಗೆ 14ನೇ ಸೀಡ್ ಆಗಲಿ, 15ನೇ ಸೀಡ್ ಆಗಲಿ ಒಂದೇ ಒಂದು ಪಂದ್ಯ ಗೆದ್ದಿಲ್ಲ. 2025ರಲ್ಲಿ ಕನೆಕ್ಟಿಕಟ್ 103–34ರಿಂದ ಅರ್ಕನ್ಸಾ ಸ್ಟೇಟ್ ಮೇಲೆ, ಡ್ಯೂಕ್ 86–25ರಿಂದ ಲೀಹೈ ಮೇಲೆ ಗೆದ್ದವು. ಎರಡೂ ತಂಡ 2ನೇ ಸೀಡ್, ಎರಡೂ ತಮ್ಮ ಊರಿನಲ್ಲಿ ಆಡಿದವು.

5–12: ಒಂದೇ ಪಂದ್ಯ ನೋಡುವವರಿಗೆ ಇದು

ಒಂದೇ ಪಂದ್ಯಕ್ಕೆ ಸಮಯ ಇದೆ ಅನ್ನುವವರಿಗೆ ನಾನು ಎರಡು ಮಾತಿಲ್ಲದೆ 5–12 ಹೇಳುತ್ತೇನೆ. 5ನೇ ಸೀಡ್ ಸಾಮಾನ್ಯವಾಗಿ ದೊಡ್ಡ ಕಾನ್ಫರೆನ್ಸ್‌ನ (ಸೀಸನ್‌ನಲ್ಲಿ ತಮ್ಮತಮ್ಮೊಳಗೆ ಆಡುವ ಕಾಲೇಜುಗಳ ಗುಂಪು) ತಂಡ. ವರ್ಷವಿಡೀ ಬಲವಾದವರ ಎದುರು ಆಡಿ, ಏಳೆಂಟು ಸೋಲು ಕಂಡು ಬಂದಿರುತ್ತದೆ. 12ನೇ ಸೀಡ್ ಹೆಚ್ಚಾಗಿ ಸಣ್ಣ ಕಾನ್ಫರೆನ್ಸ್‌ನ ಚಾಂಪಿಯನ್. ಸೋತು ಅಭ್ಯಾಸವೇ ಇಲ್ಲದ ತಂಡ. ಇಬ್ಬರೂ ಮೂರನೆಯವರ ಊರಿನಲ್ಲಿ ಭೇಟಿಯಾಗುತ್ತಾರೆ.

ಸಣ್ಣ ಕಾನ್ಫರೆನ್ಸ್‌ನ ಚಾಂಪಿಯನ್ ಆಗುವುದು ಎಷ್ಟು ಕಷ್ಟ ಅನ್ನುವುದಕ್ಕೆ ನಮ್ಮ ಊರಿನವರ ಉದಾಹರಣೆಯೇ ಇದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ಪರ ಆಡಿದವರು. ಬಿಗ್ ಸ್ಕೈ ಕಾನ್ಫರೆನ್ಸ್‌ನ ಆ ತಂಡ 2022 ಮತ್ತು 2023, ಎರಡೂ ವರ್ಷ ಕಾನ್ಫರೆನ್ಸ್ ಟೂರ್ನಿಯ ಫೈನಲ್ ತಲುಪಿ ಸೋತಿತು. ದೊಡ್ಡ ಕಾನ್ಫರೆನ್ಸ್‌ನ ತಂಡ ಫೈನಲ್‌ನಲ್ಲಿ ಸೋತರೂ ಆಯ್ಕೆ ಸಮಿತಿ ಕರೆಯುತ್ತದೆ. ಸಣ್ಣ ಕಾನ್ಫರೆನ್ಸ್‌ಗೆ ಇರುವುದು ಹೆಚ್ಚಾಗಿ ಒಂದೇ ಬಾಗಿಲು, ಆ ಫೈನಲ್ ಗೆಲ್ಲುವುದು. ಆ ಬಾಗಿಲು ದಾಟಿ ಬಂದವರು ಸುಮ್ನೆ ಬಂದಿರುವುದಿಲ್ಲ ಅಲ್ವಾ?

ಫ್ಲೋರಿಡಾ ಗಲ್ಫ್ ಕೋಸ್ಟ್ ತಂಡವನ್ನು ನೋಡಿ. 12ನೇ ಸೀಡ್ ಆಗಿಯೇ 2018ರಲ್ಲಿ ಮಿಸ್ಸೂರಿ, 2022ರಲ್ಲಿ ವರ್ಜೀನಿಯಾ ಟೆಕ್, 2023ರಲ್ಲಿ ವಾಷಿಂಗ್ಟನ್ ಸ್ಟೇಟ್ ತಂಡಗಳನ್ನು ಮನೆಗೆ ಕಳಿಸಿತು. 2024ರವರೆಗೆ ಕೋಚ್ ಆಗಿದ್ದ ಕಾರ್ಲ್ ಸ್ಮೆಸ್ಕೊ ಅವರ ಆಟದ ಕ್ರಮ ಕಣ್ಣಿಗೆ ತಕ್ಷಣ ಕಾಣುತ್ತಿತ್ತು. ಐವರೂ ತ್ರೀ ಪಾಯಿಂಟ್ ಗೆರೆಯ (ಇದರ ಹೊರಗಿಂದ ಹಾಕಿದರೆ ಎರಡಲ್ಲ, ಮೂರು ಪಾಯಿಂಟ್) ಹೊರಗೆ ಹರಡಿ ನಿಲ್ಲುತ್ತಿದ್ದರು. ರಿಂಗ್ ಕೆಳಗೆ ಯಾರೂ ಇರುತ್ತಿರಲಿಲ್ಲ. ಒಬ್ಬಳು ಬಾಲ್ ಹಿಡಿದು ನುಗ್ಗಿದರೆ ಲೇಅಪ್ (ರಿಂಗ್ ಹತ್ತಿರ ಹೋಗಿ ಹಾಕುವ ಹೊಡೆತ), ಅಡ್ಡ ಬಂದರೆ ಹೊರಗೆ ಪಾಸ್, ಅಲ್ಲಿಂದ ತ್ರೀ. ನಡುವಿನ ದೂರದಿಂದ ಹೊಡೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. 2022ರ ಆ ಪಂದ್ಯದಲ್ಲಿ ವರ್ಜೀನಿಯಾ ಟೆಕ್‌ನ ಎತ್ತರದ ಸೆಂಟರ್ (ರಿಂಗ್ ಹತ್ತಿರ ಆಡುವವರು) ಎಲಿಜಬೆತ್ ಕಿಟ್ಲಿ ಒಬ್ಬರೇ 42 ಪಾಯಿಂಟ್ ಹಾಕಿದರು. ಆದರೂ ತಂಡ 84–81ರಿಂದ ಸೋತಿತು. ಒಂದು ಕಡೆ ಎರಡೆರಡಾಗಿ ಬರುತ್ತಿತ್ತು, ಇನ್ನೊಂದು ಕಡೆ ಮೂರುಮೂರಾಗಿ. ಈ ಆಟದ ಗಣಿತ ಕಲಿಯಬೇಕೆನ್ನುವವರಿಗೆ ನಾನು ಇವತ್ತಿಗೂ ಆ ಪಂದ್ಯವನ್ನೇ ಹೇಳುವುದು.

ಅದೇ ವರ್ಷ ಬೆಲ್ಮಾಂಟ್ ತಂಡ ಒರೆಗಾನ್ ತಂಡವನ್ನು ಎರಡು ಓವರ್‌ಟೈಮ್ (ಅಂಕ ಸಮವಾದಾಗ ಆಡಿಸುವ ಹೆಚ್ಚುವರಿ ಆಟ) ಆಡಿ 73–70ರಿಂದ ಸೋಲಿಸಿತು. ಇಲ್ಲಿ ಇನ್ನೊಂದು ಪಾಠ ಇದೆ. ಪಂದ್ಯ ನಡೆದದ್ದು ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ. ಬೆಲ್ಮಾಂಟ್ ಇರುವುದು ಅದೇ ರಾಜ್ಯದ ನ್ಯಾಶ್‌ವಿಲ್‌ನಲ್ಲಿ. ಒರೆಗಾನ್ ಬಂದದ್ದು ದೇಶದ ಇನ್ನೊಂದು ತುದಿಯಿಂದ, ಮೂರು ಗಂಟೆ ಸಮಯದ ವ್ಯತ್ಯಾಸ ದಾಟಿ. ಲೆಕ್ಕಕ್ಕೆ ಅದು ಯಾರ ಅಂಗಳವೂ ಅಲ್ಲ. ಆದರೆ ಒಬ್ಬರಿಗೆ ಅಪ್ಪ ಅಮ್ಮ ಕಾರಿನಲ್ಲಿ ಬಂದು ಕೂರುವಷ್ಟು ಹತ್ತಿರ. ಹಾಗಾಗಿ ಎರಡು 5–12 ಪಂದ್ಯದ ನಡುವೆ ಆರಿಸಬೇಕಾದಾಗ ನಾನು ಮ್ಯಾಪ್ ತೆಗೆದು ನೋಡುತ್ತೇನೆ. 12ನೇ ಸೀಡ್‌ಗೆ ಊರು ಹತ್ತಿರ, 5ನೇ ಸೀಡ್‌ಗೆ ದೂರ ಅಂತಾದರೆ ಆ ಪಂದ್ಯವೇ ನನ್ನದು.

ಎಲ್ಲ ವರ್ಷವೂ 12 ಗೆಲ್ಲುತ್ತದೆ ಅಂತ ಅಲ್ಲ. 2025ರಲ್ಲಿ ನಾಲ್ಕೂ 5ನೇ ಸೀಡ್‌ಗಳು ಗೆದ್ದವು. ಆದರೂ ಮುಂದಿನ ವರ್ಷ ಪಟ್ಟಿ ಬಂದಾಗ ನನ್ನ ಪೆನ್ಸಿಲ್ ಮೊದಲು ಹೋಗುವುದು ಅಲ್ಲಿಗೇ.

6–11 ಮತ್ತು 7–10: ಹೊರಗಿಂದ ಒಂದೇ ತರ, ಒಳಗೆ ಬೇರೆ

7–10ರಲ್ಲಿ ಎರಡೂ ತಂಡಗಳಿಗೆ ಗೆದ್ದರೆ ಮುಂದೆ ಸಿಗುವುದು 2ನೇ ಸೀಡ್, ಅದೂ ಅದರ ಮನೆಯಲ್ಲೇ. 6–11ರಲ್ಲಿ ಗೆದ್ದವರಿಗೆ 3ನೇ ಸೀಡ್. ಒಂದು ಮೆಟ್ಟಿಲಿನ ವ್ಯತ್ಯಾಸವೇ ಆದರೂ ಅದು ದೊಡ್ಡದು. ಹಾಗಾಗಿ "ಈ ತಂಡವನ್ನು ಮೂರು ನಾಲ್ಕು ದಿನ ಹಿಂಬಾಲಿಸಬೇಕು" ಅಂತ ಆಸೆ ಇದ್ದರೆ 6–11 ಆರಿಸಿಕೊಳ್ಳಿ. 2018ರಲ್ಲಿ ಬಫಲೋ, ಸೆಂಟ್ರಲ್ ಮಿಚಿಗನ್ ಎರಡೂ 11ನೇ ಸೀಡ್. ಎರಡೂ ಮಿಡ್-ಅಮೆರಿಕನ್ ಕಾನ್ಫರೆನ್ಸ್‌ನವು. ಎರಡೂ ಮೊದಲ ಪಂದ್ಯ ಗೆದ್ದು, ಆಮೇಲೆ 3ನೇ ಸೀಡ್‌ನ ಊರಿನಲ್ಲೇ ಅದನ್ನು ಸೋಲಿಸಿ ಕೊನೆಯ 16ಕ್ಕೆ ಹೋದವು. ಬಫಲೋ ಫ್ಲೋರಿಡಾ ಸ್ಟೇಟ್ ಮೇಲೆ 86–65, ಸೆಂಟ್ರಲ್ ಮಿಚಿಗನ್ ಒಹಾಯೊ ಸ್ಟೇಟ್ ಮೇಲೆ 95–78. ಅದೃಷ್ಟದಿಂದ ಬರುವ ಅಂತರ ಅಲ್ಲ ಇದು. 2024ರಲ್ಲಿ ಮಿಡಲ್ ಟೆನೆಸಿ 71–69ರಿಂದ ಲೂಯಿವಿಲ್ ತಂಡವನ್ನು ಸೋಲಿಸಿದ್ದೂ 6–11 ಪಂದ್ಯದಲ್ಲೇ.

11ನೇ ಸೀಡ್‌ನಲ್ಲಿ ಎರಡು ಬಗೆ. ಒಂದು ಸಣ್ಣ ಕಾನ್ಫರೆನ್ಸ್‌ನ ಚಾಂಪಿಯನ್. ಇನ್ನೊಂದು, ಕೊನೆಯ ಕ್ಷಣದಲ್ಲಿ ಒಳಗೆ ಬಂದು, ಬುಧವಾರವೋ ಗುರುವಾರವೋ ಒಂದು ಪಂದ್ಯ ಆಡಿ ಗೆದ್ದ ದೊಡ್ಡ ಕಾಲೇಜು. ಎರಡನೆಯದನ್ನು ದಣಿದ ತಂಡ ಅಂತ ತಳ್ಳಿಹಾಕಬೇಡಿ. ಆ ಪ್ರವೇಶ ಪಂದ್ಯ ನಡೆಯುವುದೂ ಅದೇ ಅಂಗಳದಲ್ಲಿ. ಎದುರಾಳಿ ಬಂದು ಅಭ್ಯಾಸ ಮಾಡುವ ಹೊತ್ತಿಗೆ ಇವರು ಆ ರಿಂಗ್‌ಗೆ 40 ನಿಮಿಷ ಬಾಲ್ ಹಾಕಿರುತ್ತಾರೆ. 2023ರಲ್ಲಿ ಮಿಸಿಸಿಪಿ ಸ್ಟೇಟ್ ಹೀಗೆ ಬಂದು ಇಲಿನಾಯ್ ತಂಡವನ್ನು, ಆಮೇಲೆ 6ನೇ ಸೀಡ್ ಕ್ರೈಟನ್ ತಂಡವನ್ನು ಸೋಲಿಸಿತು.

7–10 ಬಲಾಬಲದಲ್ಲಿ ಇನ್ನೂ ಸಮ. 2025ರಲ್ಲಿ 10ನೇ ಸೀಡ್‌ಗಳಲ್ಲಿ ಸೌತ್ ಡಕೋಟಾ ಸ್ಟೇಟ್ ಒಕ್ಲಹೋಮಾ ಸ್ಟೇಟ್ ಮೇಲೆ 74–68ರಿಂದ, ಒರೆಗಾನ್ ವ್ಯಾಂಡರ್‌ಬಿಲ್ಟ್ ಮೇಲೆ ಓವರ್‌ಟೈಮ್‌ನಲ್ಲಿ 77–73ರಿಂದ ಗೆದ್ದವು. ಕೊನೆಯ ಎರಡು ನಿಮಿಷದ ಎದೆಬಡಿತ ಬೇಕು ಅನ್ನುವವರಿಗೆ ಇದು. ಅಲ್ಲಿಂದ ಮುಂದಕ್ಕೆ ಹೋಗುವುದು ಕಷ್ಟ, ಆದರೆ ಹೋದರೆ ಮರೆಯಲಾಗದ್ದು. 2022ರ ಕ್ರೈಟನ್ 10ನೇ ಸೀಡ್. ಮೊದಲು ಕೊಲರಾಡೊ ಮೇಲೆ ಗೆದ್ದು, ಅಯೋವಾ ಊರಿನಲ್ಲೇ ಅಯೋವಾ ತಂಡವನ್ನು 64–62ರಿಂದ ಸೋಲಿಸಿತು. ತಾರೆ ಕೇಟ್ಲಿನ್ ಕ್ಲಾರ್ಕ್ ಆಡುತ್ತಿದ್ದ ಅಯೋವಾ. ಕೊನೆಯ ಕ್ಷಣಗಳಲ್ಲಿ ತಂಡವನ್ನು ಮುಂದೆ ತಂದ ತ್ರೀ ಹಾಕಿದ್ದು ಲಾರೆನ್ ಜೆನ್ಸನ್. ಹಿಂದಿನ ವರ್ಷ ಆಕೆ ಅಯೋವಾ ತಂಡದಲ್ಲೇ ಇದ್ದ ಹುಡುಗಿ. ಆ ರಿಂಗ್ ಆಕೆಗೆ ಹೊಸದಾಗಿರಲಿಲ್ಲ.

8–9: ಅಂಕಪಟ್ಟಿಯಲ್ಲಿ ಸಪ್ಪೆ, ಆಟದಲ್ಲಿ ಅಲ್ಲ

8–9ನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಯಾರು ಗೆದ್ದರೂ ಮುಂದೆ 1ನೇ ಸೀಡ್ ಕೈಗೆ ಸಿಕ್ಕಿ ಹೋಗುತ್ತಾರೆ ಅನ್ನುವ ಭಾವನೆ. ನಾನೂ 2023ರವರೆಗೆ ಹಾಗೇ ಅಂದುಕೊಂಡಿದ್ದೆ. ಆ ವರ್ಷ 9ನೇ ಸೀಡ್ ಮಯಾಮಿ ಮೊದಲರ್ಧದಲ್ಲಿ ತುಂಬಾ ಹಿಂದೆ ಬಿದ್ದು, ಎದ್ದು ಬಂದು ಒಕ್ಲಹೋಮಾ ಸ್ಟೇಟ್ ಮೇಲೆ 62–61ರಿಂದ ಗೆದ್ದಿತು. ಎರಡು ದಿನದ ನಂತರ 1ನೇ ಸೀಡ್ ಇಂಡಿಯಾನಾ ತಂಡವನ್ನು ಅದರ ಊರಿನಲ್ಲೇ 70–68ರಿಂದ ಸೋಲಿಸಿತು. ಗೆಲುವಿನ ಬಾಸ್ಕೆಟ್ ಡೆಸ್ಟಿನಿ ಹಾರ್ಡನ್ ಅವರದ್ದು. 8ನೇ ಸೀಡ್ ಓಲ್ ಮಿಸ್ ಕೂಡ ಅದೇ ವರ್ಷ ಸ್ಟ್ಯಾನ್‌ಫರ್ಡ್ ಅಂಗಳದಲ್ಲಿ 1ನೇ ಸೀಡ್ ಸ್ಟ್ಯಾನ್‌ಫರ್ಡ್ ತಂಡವನ್ನು ಕಟ್ಟಿಹಾಕಿ 54–49ರಿಂದ ಗೆದ್ದಿತು.

54–49. ಈ ಅಂಕ ನೋಡಿದರೆ ಯಾವ ತರದ ಆಟ ಅಂತ ಗೊತ್ತಾಗುತ್ತದೆ. 8–9ರಲ್ಲಿ ಆರಿಸುವಾಗ ನಾನು ಹುಡುಕುವುದು ಬಿಗಿಯಾದ ಡಿಫೆನ್ಸ್ ಇರುವ ತಂಡವನ್ನು. ತ್ರೀ ಪಾಯಿಂಟರ್ ಒಂದು ದಿನ ಬೀಳುತ್ತದೆ, ಒಂದು ದಿನ ಬೀಳುವುದಿಲ್ಲ. ಡಿಫೆನ್ಸ್ ಹಾಗಲ್ಲ, ಅದು ತಂಡದ ಜೊತೆ ಬಸ್ ಹತ್ತಿ ಬರುತ್ತದೆ.

4–13, ಮತ್ತೆ ಉಳಿದವು

4–13ರಲ್ಲಿ ಅಚ್ಚರಿ ಆಗಿದೆ. ಆದರೆ ಎಲ್ಲಿ ಆಗಿದೆ ಅನ್ನುವುದನ್ನು ಗಮನಿಸಿ. 2021ರಲ್ಲಿ 13ನೇ ಸೀಡ್ ರೈಟ್ ಸ್ಟೇಟ್ 66–62ರಿಂದ ಅರ್ಕನ್ಸಾ ತಂಡವನ್ನು ಸೋಲಿಸಿತು. ಕೊರೊನಾ ಕಾರಣ ಆ ವರ್ಷದ ಇಡೀ ಟೂರ್ನಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋ ಮತ್ತು ಹತ್ತಿರದ ಊರುಗಳಲ್ಲಿ ನಡೆದಿತ್ತು. ಯಾರಿಗೂ ಮನೆಯಂಗಳ ಇರಲಿಲ್ಲ. 2005ರಲ್ಲಿ ಲಿಬರ್ಟಿ, 2007ರಲ್ಲಿ ಮ್ಯಾರಿಸ್ಟ್, ಈ 13ನೇ ಸೀಡ್‌ಗಳು ಕೊನೆಯ 16ರವರೆಗೆ ಹೋದದ್ದೂ ಈಗಿನ ಪದ್ಧತಿ ಬರುವ ಮುಂಚೆ. ಹಾಗಾಗಿ 4–13ಕ್ಕೆ ಮೊದಲ ಕ್ವಾರ್ಟರ್ ಕೊಡಿ. ಸಣ್ಣ ತಂಡ ಜೊತೆಜೊತೆಗೇ ಇದ್ದರೆ ಉಳಿಯಿರಿ, ಇಲ್ಲದಿದ್ದರೆ ಚಾನೆಲ್ ಬದಲಿಸಿ.

1–16ರಲ್ಲಿ ಹಾಗಾದರೆ ಏನೂ ಇಲ್ಲವೇ? ಒಮ್ಮೆ ಆಗಿದೆ. 1998ರಲ್ಲಿ ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಅಂಗಳದಲ್ಲೇ ಸ್ಟ್ಯಾನ್‌ಫರ್ಡ್ ತಂಡವನ್ನು 71–67ರಿಂದ ಸೋಲಿಸಿತು. ಪುರುಷರಲ್ಲಿ 16ನೇ ಸೀಡ್ ಗೆಲ್ಲಲು ಇನ್ನೂ 20 ವರ್ಷ ಬೇಕಾಯಿತು, 2018ರವರೆಗೆ. ಹಾರ್ವರ್ಡ್‌ನ ಅಲಿಸನ್ ಫೀಸ್ಟರ್ 35 ಪಾಯಿಂಟ್, 13 ರೀಬೌಂಡ್ (ರಿಂಗ್‌ಗೆ ಬೀಳದೆ ಪುಟಿದ ಬಾಲ್ ಹಿಡಿದದ್ದು). ಟೂರ್ನಿಗೆ ಸ್ವಲ್ಪ ಮುಂಚೆ ಸ್ಟ್ಯಾನ್‌ಫರ್ಡ್‌ನ ಇಬ್ಬರು ಮುಖ್ಯ ಆಟಗಾರ್ತಿಯರು, ವನೆಸ್ಸಾ ನೈಗಾರ್ಡ್ ಮತ್ತು ಕ್ರಿಸ್ಟಿನ್ ಫೋಕಲ್, ಮಂಡಿ ಗಾಯದಿಂದ ಹೊರಬಿದ್ದಿದ್ದರು. ಸೀಡ್ ಕೊಡುವಾಗ ಇಡೀ ಸೀಸನ್ ನೋಡುತ್ತಾರೆ. ಅಂಗಳಕ್ಕೆ ಇಳಿಯುವುದು ಮಾತ್ರ ಆ ದಿನದ ಐವರು. 1–16, 2–15 ನೋಡಬೇಕೆನಿಸಿದರೆ ಮೊದಲು ಗಾಯದ ಸುದ್ದಿ ಓದಿ.

ಬುಧವಾರ–ಗುರುವಾರದ ಪ್ರವೇಶ ಪಂದ್ಯಗಳು 2022ರಲ್ಲಿ ಬಂದವು. ನನಗೆ ಅವು ಬಹಳ ಇಷ್ಟ. ಅಲ್ಲಿ ಎರಡೂ ತಂಡಗಳಿಗೆ ಗೆಲ್ಲುವ ಅವಕಾಶ ನಿಜವಾಗಿ ಇರುತ್ತದೆ. 2025ರಲ್ಲಿ ವಿಲಿಯಂ ಅಂಡ್ ಮೇರಿ ತಂಡ 15 ಗೆಲುವು, 18 ಸೋಲಿನ ದಾಖಲೆ ಹೊತ್ತು ಬಂದಿತ್ತು. ಸೋಲೇ ಹೆಚ್ಚು. ತನ್ನ ಕಾನ್ಫರೆನ್ಸ್ ಟೂರ್ನಿಯಲ್ಲಿ 9ನೇ ಸೀಡ್ ಆಗಿದ್ದು ಕಪ್ ಗೆದ್ದು, ಮೊದಲ ಬಾರಿಗೆ ಇಲ್ಲಿಗೆ ಬಂದು, ಹೈ ಪಾಯಿಂಟ್ ಮೇಲೆ 69–63ರಿಂದ ಗೆದ್ದಿತು. ಎರಡು ದಿನದ ನಂತರ ಟೆಕ್ಸಾಸ್ ಎದುರು 105–61ರಿಂದ ಸೋತಿತು ನಿಜ. ಆದರೆ ಆ ಒಂದು ಗೆಲುವು ಆ ಕಾಲೇಜಿಗೆ ಎಂದೆಂದಿಗೂ ಉಳಿಯುತ್ತದೆ. ಕೊಲಂಬಿಯಾ ಕೂಡ ಅದೇ ವಾರ ವಾಷಿಂಗ್ಟನ್ ಮೇಲೆ 63–60ರಿಂದ ಗೆದ್ದು ಟೂರ್ನಿಯ ಮೊದಲ ಜಯ ಕಂಡಿತು.

ಎರಡು ಪಂದ್ಯ ಒಟ್ಟಿಗೆ ಬಂದರೆ

ಗುರುತು ಹಾಕಿದ ಎರಡು ಪಂದ್ಯ ಒಂದೇ ಹೊತ್ತಿಗೆ ಬಂದರೆ ಎರಡನ್ನೂ ಮೊದಲ ಮೂರು ನಿಮಿಷ ನೋಡುತ್ತೇನೆ. ಅಂಕ ನೋಡುವುದಿಲ್ಲ, ಸಣ್ಣ ತಂಡದಲ್ಲಿ ಬಾಲ್ ತರುವ ಹುಡುಗಿಯನ್ನು ನೋಡುತ್ತೇನೆ. ಎದುರಾಳಿ ಹತ್ತಿರ ಬಂದು ಒತ್ತಡ ಹಾಕಿದಾಗ ಆಕೆ ಏನು ಮಾಡುತ್ತಾಳೆ? ಬೆನ್ನು ತಿರುಗಿಸಿ, ಭುಜದ ಮೇಲಿಂದ ಹಿಂದೆ ನೋಡುತ್ತಾ ಬಾಲ್ ಬಡಿಯುತ್ತಿದ್ದರೆ ಸಮಯ ಹೋಗುತ್ತಿದೆ ಅಂತ ಅರ್ಥ. ಅರ್ಧ ಅಂಗಳ ದಾಟಲು ಇರುವುದು 10 ಸೆಕೆಂಡ್, ಬಾಲ್ ಹೊಡೆಯಲು ಒಟ್ಟು 30. ದಾಟುವುದಕ್ಕೇ ಎಂಟು ಹೋದರೆ ಆಮೇಲೆ ಅವಸರದ ಹೊಡೆತವೇ ಗತಿ. ಆಕೆ ಎದೆ ಎದುರಿಗೇ ಇಟ್ಟು, ತಲೆ ಎತ್ತಿ, ಎರಡು ಹೆಜ್ಜೆಯಲ್ಲಿ ಪಾಸ್ ಕೊಟ್ಟು ಮುಂದೆ ಓಡಿದರೆ ರಿಮೋಟ್ ಕೆಳಗಿಡಿ. ಈ ಪಂದ್ಯ ಕೊನೆಯವರೆಗೂ ಹೋಗುತ್ತದೆ.

ಎರಡನೆಯದು ಫೌಲ್. ಮಹಿಳೆಯರ ಕಾಲೇಜು ಆಟದಲ್ಲಿ 10 ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಕ್ವಾರ್ಟರ್ ಮುಗಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ದೊಡ್ಡ ತಂಡದ ಎತ್ತರದ ಸೆಂಟರ್‌ಗೆ ಎರಡನೇ ಕ್ವಾರ್ಟರ್ ಶುರುವಿನಲ್ಲೇ ಎರಡು ಫೌಲ್ ಆದರೆ ಕೋಚ್ ಆಕೆಯನ್ನು ಬೆಂಚ್ ಮೇಲೆ ಕೂರಿಸುತ್ತಾರೆ. ಐದಾದರೆ ಆಟದಿಂದಲೇ ಹೊರಗೆ, ಆ ಭಯ. ಸಣ್ಣ ತಂಡ ನುಗ್ಗಬೇಕಾದ ಹೊತ್ತು ಅದು. ಆ ಏಳೆಂಟು ನಿಮಿಷದಲ್ಲಿ ಅವರು ಸೆಂಟರ್ ಇಲ್ಲದ ರಿಂಗ್ ಕಡೆ ಓಡುತ್ತಿದ್ದಾರೋ, ಇಲ್ಲ ಹೊರಗೇ ನಿಂತು ತ್ರೀ ಹೊಡೆಯುತ್ತಿದ್ದಾರೋ ನೋಡಿ. ಓಡುತ್ತಿದ್ದರೆ ಅವರ ಕೋಚ್ ಚೆನ್ನಾಗಿ ತಯಾರಿ ಮಾಡಿದ್ದಾರೆ.

ಇನ್ನು ಕೊನೆಯ ಒಂದು ನಿಮಿಷ. ಟೈಮ್‌ಔಟ್ ತೆಗೆದುಕೊಂಡರೆ ಬಾಲನ್ನು ನೇರವಾಗಿ ಮುಂದಿನ ಅರ್ಧಕ್ಕೆ ತರಬಹುದು, ಪುರುಷರ ಕಾಲೇಜು ಆಟದಲ್ಲಿ ಈ ನಿಯಮ ಇಲ್ಲ. ಮೂರು ಪಾಯಿಂಟ್ ಹಿಂದಿದ್ದು ಆರು ಸೆಕೆಂಡ್ ಇದ್ದರೂ ಒಂದು ಒಳ್ಳೆಯ ಹೊಡೆತಕ್ಕೆ ಜಾಗ ಇದೆ ಅಂತಾಯಿತು. ಹಾಗಾಗಿ ಬೇರೆ ಪಂದ್ಯ ನೋಡುತ್ತಿದ್ದರೂ ಟೈಮ್‌ಔಟ್ ಎಷ್ಟು ಉಳಿದಿದೆ ಅಂತ ಒಮ್ಮೆ ಕಣ್ಣು ಹಾಯಿಸಿ. ಹಿಂದಿರುವ ತಂಡದ ಬಳಿ ಎರಡು ಇದ್ದರೆ ಆ ಕಡೆ ಹೋಗಿ.

ನನ್ನ ಶುಕ್ರವಾರದ ರಾತ್ರಿ ಹೀಗಿರುತ್ತದೆ. ಒಂಬತ್ತೂವರೆಗೆ ಮೊದಲು ಸಿಗುವ 8–9 ಅಥವಾ 7–10. ನಡುರಾತ್ರಿಗೆ ಇದ್ದರೆ ಒಂದು 6–11. ಎರಡರಿಂದ ನಾಲ್ಕೂವರೆಯವರೆಗೆ ನಿದ್ದೆ, ಅಲಾರಂ ಇಟ್ಟುಕೊಂಡು. ಆ ಹೊತ್ತಿಗೆ ಅಮೆರಿಕದಲ್ಲಿ ಸಂಜೆಯ ಪಂದ್ಯಗಳು ನಡೆಯುತ್ತಿರುತ್ತವೆ. 5–12 ಬೆಳಗಿನ ಜಾವಕ್ಕೆ ಬಿದ್ದರಂತೂ ಖುಷಿ. ಕಾಫಿ ಡಿಕಾಕ್ಷನ್ ರಾತ್ರಿಯೇ ಹಾಕಿಟ್ಟಿರುತ್ತೇನೆ. ಮೂರನೇ ಕ್ವಾರ್ಟರ್ ಮುಗಿದಾಗ ಹಾಲು ಕಾಯಿಸಲು ಎದ್ದರೆ ಫೋನ್ ಸದ್ದು ಮಾಡುತ್ತದೆ. "ಚಿಕ್ಕಮ್ಮಾ, 12ನೇ ಸೀಡ್ ನಾಲ್ಕು ಪಾಯಿಂಟ್ ಮುಂದೆ. ನೋಡ್ತಿದ್ದೀಯಾ?"